ಮೊಳಕ್ಕೊಂದು ಮಗ್ಗುಲು

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಗಂಜಿಯ ವಾಸನೆ ಬಂತು. ಹಸಿರು ಚೌಕಳಿಯ ಸೀರೆ, ಕೆಂಪು ದಡಿ. ಕೊಂಡು ಇಷ್ಟು ವರ್ಷವಾಯಿತು, ಒಮ್ಮೆಯೂ ಉಟ್ಟಿಲ್ಲ, ಒಗೆದಿಲ್ಲ, ಅದಕ್ಕೇ ಮಗ್ಗದ ಗಂಜಿ ಹಾಗೇ ಉಳಿದಿದೆ. ಬೇರೆ ಏನನ್ನೋ ಹುಡುಕಲು ಹೋದವಳು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತುಬಿಟ್ಟೆ. ನಾರಾಯಣಪೇಟೆಯ ಆ ಓಣಿ, ತಗ್ಗು ಬಾಗಿಲಿನ ಆ ಮನೆ, ಆ ಅವ್ವ...

ಆಗ ನಾನು ನರ್ಸ್ ಕೆಲಸಕ್ಕೆ ಸೇರಿ ಹೊಸತು. ಇನ್ನು ವಾಸಿಯಾಗದು ಎಂದು ಮನೆಗೆ ಕಳಿಸಿದ ರೋಗಿಗಳನ್ನು ಅವರಿದ್ದಲ್ಲಿಗೇ ಹೋಗಿ ನೋಡುವ ತಂಡ ನಮ್ಮದು. ನೋವಿನ ಮಾತ್ರೆ ಕೊಡುವುದು, ಗಾಯ ತೊಳೆಯುವುದು, ಜೊತೆಗೆ ಒಂದು ಹಾಳೆ ತುಂಬುವುದು. ಮನೆಯವರು ರೋಗಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂದು ಅಳೆಯುವ ಹಾಳೆ ಅದು. ಕೋಣೆ ಶಾಂತವಾಗಿದೆಯೇ? ಧೂಳಿಲ್ಲದೆ ಇದೆಯೇ? ಮಗ್ಗುಲು ಬದಲಿಸಲು ಸಮಯ ಗೊತ್ತುಮಾಡಿಕೊಂಡಿದ್ದಾರೆಯೇ? ಹೌದು ಅಥವಾ ಇಲ್ಲ. ಇಲ್ಲಗಳು ಹೆಚ್ಚಾದರೆ ಕೆಳಗೆ 'ಆಸ್ಪತ್ರೆಗೆ ಸೇರಿಸುವುದು ಉತ್ತಮ' ಎಂದು ಬರೆದು ಸಹಿ ಹಾಕಬೇಕು. ಆ ಹಾಳೆ ಕೈಯಲ್ಲಿದ್ದರೆ ನನಗೆ ಎರಡು ಕೊಂಬು ಬರುತ್ತಿದ್ದವು. ಮಖ್ತಲಿನ ಕಿರಾಣಿ ಅಂಗಡಿಯವರ ಮಗಳು ನಾನು, ಕಂಡದ್ದನ್ನೆಲ್ಲ ತಕ್ಕಡಿಗೆ ಹಾಕುವುದು ಹುಟ್ಟಿನಿಂದ ಬಂದದ್ದು.

ಓಣಿಯಲ್ಲಿ ಅವರನ್ನು ಎಲ್ಲರೂ 'ಸೀರೆ ನೋಡುವ ಅವ್ವ' ಎನ್ನುತ್ತಿದ್ದರು. ಅಲ್ಲಿ ನೇಯ್ದ ಸೀರೆಗಳೆಲ್ಲ ಸಾಹುಕಾರರ ಅಂಗಡಿಗೆ ಹೋಗುವ ಮೊದಲು ಅವ್ವನ ಕೈ ದಾಟಿ ಹೋಗಬೇಕಿತ್ತು. ಅವರು ಸೀರೆಯ ಮುಂಬದಿ ನೋಡುತ್ತಲೇ ಇರಲಿಲ್ಲ. ಉಲ್ಟಾ ಹಾಸಿ, ಕಣ್ಣು ಮುಚ್ಚಿ, ಕೈಯ ಹಿಂಬದಿಯನ್ನು ಮೆಲ್ಲಗೆ ಅದರ ಮೇಲೆ ಎಳೆಯುತ್ತಿದ್ದರಂತೆ. ಕೆಲಸ ಮಾಡಿದವರ ಅಂಗೈ ಜಡ್ಡುಗಟ್ಟಿರುತ್ತದೆ, ಹಿಂಬದಿಗೇ ಎಲ್ಲ ತಿಳಿಯುವುದು ಎನ್ನುವುದು ಅವರ ಲೆಕ್ಕ. ದೋಷ ಕಂಡರೆ ಯಾರ ಮುಲಾಜೂ ಇಲ್ಲದೆ ಸೀರೆ ವಾಪಸ್. ಆದರೆ ತಾವೇ ತಪ್ಪಾಗಿ ನೋಡಿದ್ದೆಂದು ಆಮೇಲೆ ತಿಳಿದರೆ, ಆ ನೇಕಾರರ ಬಾಗಿಲಿಗೆ ನಡೆದುಹೋಗಿ ನಾಲ್ಕು ಜನರ ಎದುರು ಹಾಗೆಂದು ಹೇಳಿಬರುತ್ತಿದ್ದರು.

ಇಂಥವರು ಹೊಟ್ಟೆಯ ಗಡ್ಡೆಯಿಂದ ಹಾಸಿಗೆ ಹಿಡಿದಿದ್ದರು. ನಾನು ಮೊದಲ ಸಲ ಹೋದಾಗ ಮಗ್ಗದ ಪಕ್ಕದಲ್ಲೇ ಮಂಚ. ಮಗ ಹಗಲೆಲ್ಲ ಸೀರೆಯ ಗಂಟು ಹೊತ್ತು ಮಖ್ತಲ್, ಗದ್ವಾಲ ಎಂದು ತಿರುಗುವವನು. ನೆಲದ ಕುಣಿಯಲ್ಲಿ ಕಾಲಿಟ್ಟು ಮಗ್ಗ ತುಳಿಯುತ್ತಿದ್ದವಳು ಸೊಸೆ. ಕೋಣೆ ತುಂಬ ಖಟ್ ಖಟ್ ಸದ್ದು, ಬೆಳಕಿನ ಕೋಲಿನಲ್ಲಿ ಹತ್ತಿಯ ಪುಡಿ ಹಾರಾಡುತ್ತಿತ್ತು. ನಾನು ನಿಂತ ಕಾಲಲ್ಲೇ ಎರಡು 'ಇಲ್ಲ' ಬರೆದೆ.

"ಮಗ್ಗುಲು ಎಷ್ಟು ಹೊತ್ತಿಗೊಮ್ಮೆ ಬದಲಸ್ತೀರಿ?" ಎಂದು ಸೊಸೆಯನ್ನು ಕೇಳಿದೆ.

"ಮೊಳಕ್ಕೊಮ್ಮೆ ರೀ."

"ಗಂಟಿ ಲೆಕ್ಕ ಹೇಳ್ರಿ."

"ಗಂಟಿ ನೋಡಂಗಿಲ್ರಿ. ಮೊಳ ಮುಗೀತಂದ್ರ ಏಳ್ತೀನಿ."

ಪಾಪ, ಪ್ರಶ್ನೆಯೇ ಅರ್ಥವಾಗಿಲ್ಲ ಇವಳಿಗೆ ಎಂದುಕೊಂಡು ಮೂರನೆಯ 'ಇಲ್ಲ' ಬರೆದೆ. ಮಂಚದಿಂದ ಅವ್ವ ನನ್ನನ್ನೇ ನೋಡುತ್ತಿದ್ದರು. "ಉಲ್ಟಾ ಮಾಡಿ ನೋಡಂಗಿಲ್ಲೇನ್ರಿ ಸಿಸ್ಟರಮ್ಮ?" ಎಂದರು. ಹೊರಗೆ ನಮ್ಮ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ಮುಂದಿನ ಸಲ ನೋಡುತ್ತೇನೆ ಅವ್ವಾ ಎಂದೆ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಹೊರಡುವಾಗ, ರೋಗಿಯ ಕೋಣೆ ಶಾಂತವಾಗಿರಬೇಕು, ಮಗ್ಗ ನಿಲ್ಲಿಸಿಬಿಡಿ ಎಂದು ಸೊಸೆಗೆ ಹೇಳಿ, 'ಆಸ್ಪತ್ರೆಗೆ ಸೇರಿಸುವುದು ಉತ್ತಮ' ಎಂದು ಸಹಿ ಹಾಕಿದ ಹಾಳೆಯ ಒಂದು ಪ್ರತಿ ಕೊಟ್ಟು ಬಂದೆ. ಬಹಳ ಒಳ್ಳೆಯ ಕೆಲಸ ಮಾಡಿದೆ ಎಂಬ ಹಮ್ಮಿನಲ್ಲಿ ಬಂದೆ.

ಮುಂದಿನ ವಾರ ಹೋದಾಗ ಓಣಿಯಲ್ಲಿ ಜನ. ಬಾಗಿಲ ಮುಂದೆ ಬಾಡಿಗೆ ಕಾರು ನಿಂತಿತ್ತು, ಹಿಂದಿನ ಸೀಟಿಗೆ ದುಪ್ಪಟಿ ಹಾಸಿದ್ದರು. ಗದ್ವಾಲದಲ್ಲಿದ್ದ ಅವ್ವನ ಹಿರಿಯ ಮಗಳು ಬಂದಿದ್ದಳು. ತಾಯಿಯನ್ನು ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿಯೇ ಸೇರಿಸುತ್ತೇನೆ ಎಂದು ಹಟ. ಕೈಯಲ್ಲಿ ಮೊಬೈಲು, ಅದರಲ್ಲಿ ನನ್ನ ಹಾಳೆಯ ಫೋಟೊ.

"ನಮ್ಮವ್ವನ್ನ ಧೂಳಾಗ ಮಲಗಿಸಿ ಇಕಿ ಸೀರಿ ನೇಯ್ಕೊಂತ ಕುಂತಿದ್ಲು. ನಾ ಹೇಳಿದ್ದಲ್ಲ, ಸಿಸ್ಟರಮ್ಮನೇ ಬರದಾರ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಿಂತುಹೋಗಿದ್ದ ಮಗ್ಗದ ಕಂಬ ಹಿಡಿದುಕೊಂಡು ಸೊಸೆ ನೆಲ ನೋಡುತ್ತಿದ್ದಳು.

ಕೋಣೆ ಈಗ ಶಾಂತವಾಗಿತ್ತು, ಗುಡಿಸಿ ಸಾರಿಸಿತ್ತು. ಅವ್ವ ಮಾತ್ರ ಅರ್ಧವಾಗಿದ್ದರು. ನಿದ್ದೆಯಿಲ್ಲ, ಗಂಜಿಯೂ ಸೇರುತ್ತಿಲ್ಲ ಎಂದರು. ನನ್ನನ್ನು ಕಂಡವರೇ ಕೈ ಎತ್ತಿ ಕರೆದರು. ದನಿ ಕೆಳಗಿತ್ತು, ಆದರೆ ಓಣಿಯವರೆಲ್ಲ ಸುಮ್ಮನಾದರು.

"ಯವ್ವಾ, ಇವತ್ತರ ಉಲ್ಟಾ ಮಾಡಿ ನೋಡು."

ನಾನೂ ಸೊಸೆಯೂ ಸೇರಿ ಮೆಲ್ಲಗೆ ಹೊರಳಿಸಿದೆವು. ತಿಂಗಳುಗಟ್ಟಲೆ ಮಲಗಿದವರ ಬೆನ್ನು ಅದು, ಒಂದು ಗೆರೆಯಿಲ್ಲ, ಒಂದು ಗುಳ್ಳೆಯಿಲ್ಲ. ನಾನು ಎಷ್ಟೋ ಸಿರಿವಂತರ ಮನೆಗಳಲ್ಲಿ, ಎರಡಾಳು ಇಟ್ಟಲ್ಲಿಯೂ ಅಂಥ ಬೆನ್ನು ಕಂಡಿರಲಿಲ್ಲ. ಎಡ ಸೊಂಟದ ಮೇಲೆ ಮಾತ್ರ ಅಂಗೈಯಷ್ಟು ಕೆಂಪು. ಚರ್ಮ ಒಡೆದಿರಲಿಲ್ಲ, ಆದರೆ ಇನ್ನೆರಡು ದಿನ ಬಿಟ್ಟಿದ್ದರೆ ಒಡೆಯುತ್ತಿತ್ತು.

ಇದು ಎಂದಿನಿಂದ ಎಂದು ಕೇಳಿದೆ. ಸೊಸೆ ಆಗ ಬಾಯಿಬಿಟ್ಟಳು. "ಮಗ್ಗ ನಿಂತ ಮ್ಯಾಲಿಂದ ರೀ. ಹೊತ್ತೇ ತಿಳೀವಲ್ದು ನನಗ. ಬಂದೋರೆಲ್ಲ 'ಅವ್ವ ಮಲಗ್ಯಾರ, ಎಬ್ಬಿಸಬ್ಯಾಡ' ಅಂತಾರ."

"ಒಂದು ಮೊಳ ನೇಯಾಕ ಎಷ್ಟೊತ್ತು ಬೇಕು?"

"ಎರಡು ತಾಸು ರೀ, ಹೆಚ್ಚುಕಡಿಮಿ."

ಎರಡು ತಾಸು. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು ಎಂದು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಇವಳು ಪುಸ್ತಕವಿಲ್ಲದೆ ಅದನ್ನೇ ಮಾಡುತ್ತಿದ್ದಳು. ಒಂದು ಮೊಳ ಮುಗಿದರೆ ನೇಯ್ದ ಬಟ್ಟೆ ಸುತ್ತಲು ಹೇಗೂ ಏಳಬೇಕು. ಎದ್ದವಳು ಅತ್ತೆಯನ್ನು ಹೊರಳಿಸಿ, ತುಟಿ ಒದ್ದೆ ಮಾಡಿ, ಕೆಳಗಿನ ಬಟ್ಟೆಯ ಮಡಿಕೆ ಬಿಡಿಸಿ, ಮತ್ತೆ ಕುಣಿಗೆ ಇಳಿಯುತ್ತಿದ್ದಳು. ರಾತ್ರಿಯ ಸರದಿ ಮಗನದು. ಆ ಮನೆಯ ಗಡಿಯಾರವನ್ನು ನಿಲ್ಲಿಸಿ ಬಂದವಳು ನಾನು.

ಅವ್ವನಿಗೆ ನನ್ನ ಮುಖ ನೋಡಿಯೇ ತಿಳಿಯಿತು. "ಈ ಖರಾಬು ನೇಯ್ದಾಕಿದಲ್ಲ ಯವ್ವಾ" ಎಂದರು. "ನೋಡಿದಾಕಿದು."

ಬೈದಂತೆ ಹೇಳಲಿಲ್ಲ. ಕೆಲಸ ಕಲಿಯುವವಳಿಗೆ ಹೇಳುವಂತೆ ಹೇಳಿ ನನ್ನ ಮಣಿಕಟ್ಟು ತಟ್ಟಿದರು. ನಾನೇನು ಮಾಡಬೇಕೆಂದು ಅವರ ಜೀವನವೇ ಹೇಳಿಕೊಟ್ಟಿತ್ತು. ಬಾಗಿಲಿಗೆ ಹೋಗಿ, ಓಣಿಯವರೆಲ್ಲರ ಎದುರು, ಗದ್ವಾಲದ ಮಗಳಿಗೆ ಹೇಳಿದೆ: "ಅಕ್ಕಾರ, ತಪ್ಪು ಬರದಾಕಿ ನಾನು. ಇವರ ಕೆಲಸದಾಗ ಏನೂ ತಪ್ಪಿಲ್ಲ." ಅಲ್ಲೇ ಕಟ್ಟೆಯ ಮೇಲೆ ಕುಳಿತು ಹೊಸ ಹಾಳೆ ತುಂಬಿದೆ. ಕೋಣೆ ಶಾಂತವಾಗಿದೆಯೇ ಎಂಬಲ್ಲಿ 'ಇಲ್ಲ, ಇರಬೇಕಾಗಿಯೂ ಇಲ್ಲ' ಎಂದು ಬರೆದೆ. ಮೇಲಿನವರು ಬೈದರೆ ಬೈಯಲಿ ಎಂದುಕೊಂಡೆ. ಮಗಳು ಅದನ್ನು ಎರಡು ಸಲ ಓದಿದಳು, ಒಳಗೆ ಹೋಗಿ ತಾಯಿಯ ಬೆನ್ನನ್ನು ತಾನೇ ನೋಡಿದಳು.

"ನಾ ಎಲ್ಲಿಗೂ ಬರಂಗಿಲ್ಲವ್ವಾ" ಎಂದರು ಅವ್ವ. "ಸೀರಿ ಮಗ್ಗದ ಮ್ಯಾಲೈತಿ."

ಕಾರು ಖಾಲಿ ಹೋಯಿತು. ಅದು ಓಣಿಯ ತಿರುವು ದಾಟುವ ಮೊದಲೇ ಒಳಗಿನಿಂದ ಖಟ್ ಖಟ್ ಶುರುವಾಯಿತು. ನನಗೆ ಚಪ್ಪಾಳೆ ಹೊಡೆಯಬೇಕೆನಿಸಿತು. ನನ್ನನ್ನು ಸೋಲಿಸಿ ಗೆದ್ದವರ ಗೆಲುವಿಗೆ ನಾನು ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ.

ಆಮೇಲಿನ ದಿನಗಳು... ಅವನ್ನು ಸಾಯುವ ದಿನಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವ್ವ ನಿದ್ದೆ ಮಾಡತೊಡಗಿದರು, ಎರಡು ಚಮಚ ಹಾಲು ಕುಡಿಯತೊಡಗಿದರು. ಮಾತ್ರೆಗೆ ನೋವು ಹಿಡಿತಕ್ಕೆ ಬಂತು. ಕಣ್ಣು ಮುಚ್ಚಿ ಮಲಗಿದ್ದವರು ಒಮ್ಮೆಲೇ "ಎಳಿ ಹರೀತು ನೋಡು" ಎನ್ನುತ್ತಿದ್ದರು. ಸೊಸೆ ಬಗ್ಗಿ ನೋಡಿದರೆ ಹರಿದೇ ಇರುತ್ತಿತ್ತು. ಗದ್ವಾಲದ ಮಗಳು ಊರಿಗೆ ಹೋಗಲಿಲ್ಲ. ಹೊರಳಿಸುವುದನ್ನು ತಮ್ಮನ ಹೆಂಡತಿಯಿಂದ ಕಲಿತಳು, ಮೊದಮೊದಲು ಅವ್ವನಿಂದ ಬೈಸಿಕೊಂಡಳು. ಸೊಂಟದ ಕೆಂಪು ಮಾಸಿತು.

ಸೀರೆ ಮಗ್ಗದಿಂದ ಇಳಿದ ದಿನ ನಾನೂ ಇದ್ದೆ. ಅವ್ವನನ್ನು ದಿಂಬಿಗೆ ಒರಗಿಸಿ ತೊಡೆಯ ಮೇಲೆ ಉಲ್ಟಾ ಹಾಸಿದರು. ಎಲುಬೇ ಉಳಿದಿದ್ದ ಕೈಯ ಹಿಂಬದಿ ಚೂರುಚೂರೇ ಸರಿಯಿತು. ಸೆರಗಿಗೆ ಎರಡು ಮೊಳ ಇರುವಾಗ ನಿಂತಿತು. ಅಡ್ಡಕ್ಕೆ ಒಂದು ಸಣ್ಣ ಗೆರೆ, ಎಳೆಗಳು ಒತ್ತಾಗಿ ಕೂತದ್ದು. ಕಣ್ಣಿಗೆ ಕಾಣುತ್ತಿರಲಿಲ್ಲ.

"ಮಗ್ಗ ನಿಂತ ಗುರುತು" ಎಂದು ನನ್ನತ್ತ ನೋಡಿ ನಕ್ಕರು. "ಇದು ನಿಂದು, ಯವ್ವಾ."

ಅಂಗಡಿಗೆ ಹೋಗಲಾರದ ಆ ಸೀರೆಯನ್ನು ನಾನೇ ಕೊಂಡೆ.

ಮುಂದಿನ ಸೀರೆ ಅರ್ಧ ಮಗ್ಗದ ಮೇಲಿರುವಾಗ, ಒಂದು ಮಧ್ಯಾಹ್ನ, ಮೊಳ ಮುಗಿಸಿ ಹೊರಳಿಸಲು ಎದ್ದ ಸೊಸೆಗೆ ಅವ್ವ ಹೋಗಿರುವುದು ತಿಳಿಯಿತು. ಮಲಗಿಸಿದ ಮಗ್ಗುಲಲ್ಲೇ ಇದ್ದರಂತೆ. ಮೈ ತೊಳೆದವರಲ್ಲಿ ಗದ್ವಾಲದ ಮಗಳೂ ಇದ್ದಳು. ನಾನು ಹೋದಾಗ ನನ್ನ ಕೈ ಹಿಡಿದು ಅಳುತ್ತ, ಆದರೆ ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮವ್ವನ ಮೈ ಮ್ಯಾಲ ಒಂದು ಗಾಯದ ಕಲಿ ಇರಲಿಲ್ರಿ. ನಮ್ಮ ತಮ್ಮನ ಹೆಂಡ್ತಿ ಹಂಗ ನೋಡ್ಕೊಂಡಾಳ." ನಾನು ಆಮೇಲೆ ತುಂಬಿದ ಯಾವ ಹಾಳೆಯಲ್ಲೂ ಅದಕ್ಕಿಂತ ದೊಡ್ಡ ಅಂಕ ಯಾರಿಗೂ ಸಿಕ್ಕಿಲ್ಲ.

ಈಗ ಹೊಸದಾಗಿ ಸೇರಿದ ನರ್ಸ್‌ಗಳಿಗೆ ಈ ಕೆಲಸ ಕಲಿಸುವವಳು ನಾನು. ಹಾಳೆ ಹೆಚ್ಚೇನೂ ಬದಲಾಗಿಲ್ಲ. ಮೊದಲು ರೋಗಿಯನ್ನು ಹೊರಳಿಸಿ ನೋಡಿ, ಆಮೇಲೆ ಪೆನ್ನು ತೆಗೆಯಿರಿ ಎನ್ನುತ್ತೇನೆ. ಆ ಮನೆಯವರು ಹೊತ್ತನ್ನು ಯಾವುದರಿಂದ ಅಳೆಯುತ್ತಾರೆ ಎಂದು ಕೇಳಿ ಎನ್ನುತ್ತೇನೆ. ಕೆಲವರು ನಗುತ್ತಾರೆ. ನಗಲಿ, ನಾನೂ ಹಾಗೇ ಇದ್ದೆ.

ಇವತ್ತಿನ ತರಗತಿಗೆ ಈ ಸೀರೆಯನ್ನೇ ಉಡಬೇಕೆನಿಸಿದೆ. ಉಡುವ ಮೊದಲು ಮಂಚದ ಮೇಲೆ ಉಲ್ಟಾ ಹಾಸಿದೆ, ಕಣ್ಣು ಮುಚ್ಚಿ ಕೈಯ ಹಿಂಬದಿಯನ್ನು ಎಳೆದೆ. ಸೆರಗಿಗೆ ಎರಡು ಮೊಳ ಇರುವಲ್ಲಿ ಕೈ ತಾನಾಗಿ ನಿಂತಿತು. ಸಿಕ್ಕಿತು ಅವ್ವಾ, ಎಂದು ಬಾಯಿಬಿಟ್ಟು ಹೇಳಿದೆ. ಕೇಳಿ ನಗಲು ಅವರಿಲ್ಲ.