ದೇವಸಮುದ್ರದಲ್ಲಿ ನಾನು ಬರೆದ ಷರಾ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೂ ಅದು ಯಾರಲ್ಲಿ ಮರುಕಳಿಸೀತು ಎಂಬುದನ್ನು ಜೀನ್‌ಗಳ ಗುರುತಿನಿಂದ ಮೊದಲೇ ಅರಿಯಲು ನಮ್ಮ ಭಾಗದಲ್ಲಿ ಶ್ರಮಿಸಿದವರಲ್ಲಿ ಚಳ್ಳಕೆರೆಯವರೇ ಆದ ಡಾ. ಹಾಲೇಶಪ್ಪನವರು ಮೊದಲಿಗರು. ಅವರ ನಿವೃತ್ತಿಯ ಈ ಅಭಿನಂದನಾ ಸಂಪುಟಕ್ಕೆ ಲೇಖನ ಕೇಳಿದಾಗ ನಾನು ಎರಡು ಸಲ ನೆಪ ಹೇಳಿ ತಪ್ಪಿಸಿಕೊಂಡೆ. ಕಾರಣ ನಾಚಿಕೆ.

೧೯೯೯ರಲ್ಲಿ ನಾನು ಅವರ ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದೆ. ರೋಗಿಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಮೇಣದಲ್ಲಿ ಕಾಪಿಟ್ಟ ಗ್ರಂಥಿಯ ತುಣುಕುಗಳನ್ನು ಸರ್ ಪರೀಕ್ಷಿಸುತ್ತಿದ್ದರು. ಆ ರೋಗಿಗಳ ಊರಿಗೆ ಹೋಗಿ, ಅವರನ್ನು ವಿಚಾರಿಸಿ, ರೋಗ ಮರಳಿದೆಯೇ ಎಂದು ನೋಡಲು ರಕ್ತ ತರುವುದು ನನ್ನ ಕೆಲಸ. ಬಸ್ಸಿನ ಬಿಸಿಲಿಗೆ ರಕ್ತ ಕೆಡದಿರಲೆಂದು ತಮ್ಮ ಮನೆಯ ಥರ್ಮಾಸಿಗೆ ತಾವೇ ಐಸು ತುಂಬಿ ಕೊಡುತ್ತಿದ್ದ ಗುರುಗಳು ಅವರು.

೨೦೦೨ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರಕ್ಕೆ, ಕುರಿಗಾಹಿ ತಿಪ್ಪಯ್ಯನವರ ಮನೆಗೆ ಹೋದೆ. ಸೊಸೆ ಪಾಪಕ್ಕ ಬಾಗಿಲಲ್ಲೇ, "ಮಾವ ಆರಾಮಾಗವ್ರೆ ಸರ್, ಕುರಿ ಹೊಡ್ಕಂಡು ಹೋಗವ್ರೆ" ಎಂದಳು. ಕಾದರೆ ಬಸ್ಸು ತಪ್ಪುತ್ತಿತ್ತು. ರಕ್ತ ತೆಗೆಯದೆಯೇ 'ಮರುಕಳಿಸಿಲ್ಲ' ಎಂದು ಷರಾ ಬರೆದು ಬಂದೆ.

ಆರು ತಿಂಗಳ ನಂತರ ಸರ್ ಪರೀಕ್ಷಿಸಿದ ತಿಪ್ಪಯ್ಯನವರ ತುಣುಕಿನ ಜೀನ್ ಗುರುತು, ರೋಗ ಮರಳುತ್ತದೆ ಎಂದಿತು. ಸರ್ ನನ್ನ ಷರಾವನ್ನು ಓದಿದರಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಗುರುತೇ ಸುಳ್ಳಿರಬೇಕೆಂದು ನಾನು ವಾದಕ್ಕಿಳಿದೆ. "ಮೊದ್ಲು ಮನುಷ್ಯನ್ನ ಕೇಳಾಣ ನಡಿಯಪ್ಪ" ಎಂದು ಸರ್ ನನ್ನನ್ನು ಕರೆದುಕೊಂಡು ಹೊರಟರು.

ತಿಪ್ಪಯ್ಯನವರನ್ನು ಕುರಿಹಟ್ಟಿಯ ಹಿಂದಕ್ಕೆ ಕರೆದೊಯ್ದು ಮೆಲ್ಲಗೆ ಕೇಳಿದಾಗ ಅವರು ತಲೆ ತಗ್ಗಿಸಿ ಹೇಳಿದರು: "ಎಂಟು ತಿಂಗ್ಳಾತು ಸಾಮಿ, ಸೊಂಟ ನೋವು, ಉಚ್ಚೇಲಿ ರಕ್ತ. ಸೊಸೆ ಮುಂದೆ ಇದ್ನೆಲ್ಲ ಹೆಂಗೆ ಹೇಳ್ಲಿ? ನನ್ನನ್ನ ಯಾರೂ ಕೇಳ್ಲಿಲ್ಲ."

ರೋಗ ಮೂಳೆಗೆ ಇಳಿದಿತ್ತು. ಚಿಕಿತ್ಸೆ ಕೊಡಿಸಿದರೂ ಮರುವರ್ಷ ಅವರು ತೀರಿಕೊಂಡರು. ಆರು ತಿಂಗಳು ಮೊದಲೇ ತಿಳಿದಿದ್ದರೆ ಇನ್ನಷ್ಟು ಕಾಲ ಬದುಕುತ್ತಿದ್ದರೇನೋ. ವಿಚಾರಣೆಯಲ್ಲಾದ ಲೋಪ ತಮ್ಮದೆಂದು ಸರ್ ವರದಿಯಲ್ಲಿ ಬರೆದರು, ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅದೇ ವರದಿಯಲ್ಲಿ ಸಹಲೇಖಕನೆಂದು ಹೆಸರು ಹಾಕಿಸಿಕೊಂಡು ಬಡ್ತಿಯನ್ನೂ ಪಡೆದೆ.

ಸರ್ ಈಗಲೂ ವರ್ಷಕ್ಕೊಮ್ಮೆ ಆ ಮನೆಗೆ ಹೋಗಿಬರುತ್ತಾರೆ. ತಾನು ಆಡಿದ ಒಂದು ಮಾತಿನಿಂದಲೇ ಮಾವ ಹೋದರೆಂದು ಪಾಪಕ್ಕ ಇಂದಿಗೂ ಅವರ ಮುಂದೆ ಅಳುತ್ತಾಳಂತೆ. ಗುರುಗಳು ನೂರ್ಕಾಲ ಬಾಳಲಿ, ಅವರ ಸಂಶೋಧನೆ ಮುಂದುವರಿಯಲಿ. ಈ ಹಾರೈಕೆಯಲ್ಲೂ ನನ್ನ ಸ್ವಾರ್ಥವಿದೆ: ಅವರ ಜೊತೆಗೆ ಹೋಗಿ, ತಪ್ಪು ನಿನ್ನದಲ್ಲ ತಾಯಿ, ನನ್ನದು ಎಂದು ಪಾಪಕ್ಕನಿಗೆ ಹೇಳಬೇಕು. ಒಬ್ಬನೇ ಹೋಗುವ ಧೈರ್ಯ ನನಗಿನ್ನೂ ಬಂದಿಲ್ಲ.