ಹಲ್ಲಿನ ಹುಳಕ್ಕೆ ನಾನೇ ಸಾಕ್ಷಿ

ಕಳೆದ ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಒಂದು ಟವೆಲ್ ನಿಂತಿತ್ತು.

ಟವೆಲ್ಲಿನ ಒಳಗೆ ನನ್ನ ಹೆಂಡತಿಯ ತಮ್ಮ ಶಿವಮಲ್ಲು ಇದ್ದ. ಗದ್ದದಿಂದ ನೆತ್ತಿಯವರೆಗೆ ಸುತ್ತಿ ಮೇಲೊಂದು ಗಂಟು ಹಾಕಿಕೊಂಡಿದ್ದ. ಎಡಗೆನ್ನೆ ಊದಿ ಆ ಕಡೆಯ ಕಣ್ಣು ಅರ್ಧ ಮುಚ್ಚಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಅಜ್ಜೀಪುರದಿಂದ ಮೊದಲ ಬಸ್ಸು ಹತ್ತಿ, ಹನೂರು ದಾಟಿ, ಕೊಳ್ಳೇಗಾಲ ದಾಟಿ, ಯಳಂದೂರಿನ ನಮ್ಮ ಮನೆಗೆ ಬಂದಿದ್ದ. ದಾರಿಯುದ್ದಕ್ಕೂ ಹಲ್ಲಿನ ಡಾಕ್ಟರುಗಳ ಬೋರ್ಡುಗಳಿವೆ. ಕೊಳ್ಳೇಗಾಲದಲ್ಲಂತೂ ಒಂದೊಂದು ಬೋರ್ಡಿನ ಮೇಲೂ ಕೈಕಾಲು ಮೂಡಿದ ದವಡೆಹಲ್ಲೊಂದು ನಗುತ್ತಾ ಕೈಬೀಸುತ್ತಿರುತ್ತದೆ. ಇವನು ಅವನ್ನೆಲ್ಲ ಕಿಟಕಿಯಿಂದ ನೋಡಿಕೊಂಡೇ ಬಂದಿದ್ದ.

“ಬನ್ನಿ ಭಾವ, ಅಗರದ ಕಡೀಕ ಓಗವ,” ಅಂದ, ತುಟಿ ಅಲುಗದಂತೆ. “ಉಳ ತಗಿಯ ಅಜ್ಜಿ ಅದಲ್ಲ, ಅದ್ರ ತಾವ್ಕ. ನಿಮ್ಗ ತಗುದಿತ್ತಲ್ಲ, ಅದೇ ಅಜ್ಜಿ.”

ಹಲ್ಲಿನ ಹುಳ ತೆಗೆಯುವುದು ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಪಟ್ಟಣದ ಓದುಗರಿಗೆ ಹೇಳುತ್ತೇನೆ. ನೀರು ತುಂಬಿದ ತಟ್ಟೆ. ನಡುವೆ ಕಾದ ಕಬ್ಬಿಣದ ತುಂಡು. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಗುಳ್ಳದ ಕಾಯಿಯ, ಅಂದರೆ ಕಾಡುಬದನೆಯ, ಬೀಜ. ಏಳುವ ಹೊಗೆಯನ್ನು ಪರಂಗಿ ಎಲೆಯ ದಂಟಿನ ಕೊಳವೆಯಲ್ಲಿ ನೋಯುವ ಹಲ್ಲಿಗೆ ಬಿಡುತ್ತಾರೆ. ಹೊಗೆ ಆಚೆ ಹೋಗದಂತೆ ತಲೆಯ ಮೇಲೆ ಕಂಬಳಿ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ತಟ್ಟೆಯ ನೀರಿನಲ್ಲಿ ಬೆಳ್ಳಗೆ, ಸಣ್ಣಗೆ, ಹುಳ!

ಹುಳವಲ್ಲ ಸ್ವಾಮಿ. ಬಿಸಿಗೆ ಬೀಜ ಸಿಡಿಯುತ್ತದೆ, ಒಳಗಿನ ಮೊಳಕೆ ನೀರಿಗೆ ಬೀಳುತ್ತದೆ. ಅಷ್ಟೇ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ಬೀಜಕ್ಕೂ ಹುಳಕ್ಕೂ ವ್ಯತ್ಯಾಸ ಗೊತ್ತಾಗದಿದ್ದರೆ ಆ ಯೂನಿವರ್ಸಿಟಿಯ ಮಾನ ಏನಾಗಬೇಕು?

ಆದರೆ ಈ ಭಾಗದಲ್ಲಿ ಹಲ್ಲಿನ ಹುಳಕ್ಕೆ ಇರುವ ಅತಿ ದೊಡ್ಡ ಸಾಕ್ಷಿಯೂ ನಾನೇ!

ಅದು ಮೊದಲ ಲಾಕ್‌ಡೌನಿನ ಕಾಲ. ನೆನಪಿದೆಯಲ್ಲ? ಕೊತ್ತಂಬರಿ ಸೊಪ್ಪಿಗೆ ಸೋಪು ಹಾಕಿದೆವು. ಹಾಲಿನ ಪ್ಯಾಕೆಟ್ಟಿಗೆ ಸ್ನಾನ ಮಾಡಿಸಿದೆವು. ನೋಟುಗಳನ್ನು ಇಸ್ತ್ರಿ ಮಾಡಿದೆವು. ಕೈಯನ್ನಂತೂ ರೇಖೆಗಳು ಅಳಿಸಿಹೋಗುವಷ್ಟು ತೊಳೆದೆವು. ಬಾಯಿಯನ್ನು? ಬಾಯಿಗೆ ಮಾಸ್ಕ್ ಹಾಕಿ ಫೈಲ್ ಕ್ಲೋಸ್ ಮಾಡಿದೆವು. ಬಚ್ಚಲಿನ ಒಂದೇ ಲೋಟದಲ್ಲಿ ಮನೆಮಂದಿಯ ಬ್ರಷ್ಷುಗಳೆಲ್ಲ ಒಂದರ ಹೆಗಲ ಮೇಲೆ ಒಂದು ತಲೆಯಿಟ್ಟು ಮಲಗಿದ್ದವು. ಅಂತರ ಕಾಪಾಡಿ ಅಂತ ಅವಕ್ಕೆ ಯಾರು ಹೇಳಬೇಕಿತ್ತು?

ಇನ್ನೊಂದು ವಿಷಯ. ಮನುಷ್ಯ ತನ್ನ ಬಾಯಿಯ ವಾಸನೆಯನ್ನು ತಾನೇ ದಿನವಿಡೀ ಕುಡಿದ ಕಾಲ ಅದು. ಅಲ್ಲಿಯವರೆಗೆ ಅದು ಎದುರಿನವರ ಕಷ್ಟವಾಗಿತ್ತು. ಆಗ ನಾವು ಮಾಡಿದ್ದೇನು? ಬೈದದ್ದು ಮಾಸ್ಕನ್ನು. “ಈ ಕಂಪನಿ ಸರಿಯಿಲ್ಲ ಕಣ್ರಿ, ನಾರುತ್ತೆ” ಅಂತ ಬೇರೆ ಕಂಪನಿಯದು ತಂದೆವು. ಮಾಸ್ಕಿಗೆ ಕರ್ಪೂರ ಇಟ್ಟೆವು, ಓಮದ ಪುಡಿ ಕಟ್ಟಿದೆವು. ರಾತ್ರಿ ಮಲಗುವ ಮುಂಚೆ ಒಂದು ಸಲ ಹಲ್ಲುಜ್ಜಿ ನೋಡೋಣ ಅಂತ ಒಬ್ಬನಿಗಾದರೂ ಹೊಳೆಯಿತೇ? (ನನಗೂ ಹೊಳೆಯಲಿಲ್ಲ. ನಾನು ಕರ್ಪೂರದ ಪಂಗಡ.)

ಶಿವಮಲ್ಲುವಿನದು ಬೇರೆ ಪಂಗಡ. ಅವನಿಗೆ ಬಾಯಲ್ಲಿ ಸದಾ ಎಲೆಅಡಿಕೆ, ಕಡ್ಡಿಪುಡಿ ಇರಬೇಕು. ಉಗಿಯಲು ಮಾಸ್ಕ್ ಇಳಿಸಬೇಕು, ಉಗಿದರೆ ದಂಡ. ಹಾಗಾಗಿ ಗಂಟೆಗಟ್ಟಲೆ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದ. ಬೆಳಿಗ್ಗೆ ಬಿಳಿ ಇದ್ದ ಮಾಸ್ಕ್ ಸಂಜೆಗೆ ಕಾವಿ ಬಣ್ಣ. ಅವನ ಹಲ್ಲಿನ ಕಥೆ ಶುರುವಾದದ್ದು ಅಲ್ಲಿ ಅಂತ ನನ್ನ ಅನುಮಾನ.

ನನ್ನ ಹಲ್ಲು ನೋವು ಶುರುವಾದದ್ದೂ ಆಗಲೇ. ಕ್ಲಿನಿಕ್ಕುಗಳೆಲ್ಲ ಮುಚ್ಚಿದ್ದವು. ಕೊಳ್ಳೇಗಾಲದ ಹಲ್ಲಿನ ಡಾಕ್ಟರೊಬ್ಬರು ಫೋನಿನಲ್ಲಿ, “ಟಾರ್ಚ್ ಬಿಟ್ಟು ಫೋಟೋ ತೆಗೆದು ವಾಟ್ಸಾಪ್ ಮಾಡಿ” ಅಂದರು. ನನ್ನ ಹೆಂಡತಿ ಮಂಗಳ ತೆಗೆದಳು. ಹಲ್ಲೊಂದು ಬಿಟ್ಟು ಕಿರುನಾಲಿಗೆ, ಗಂಟಲು ಎಲ್ಲವೂ ಚೆನ್ನಾಗಿ ಬಂದಿದ್ದವು. ಡಾಕ್ಟರು ಹೆಬ್ಬೆಟ್ಟಿನ ಚಿತ್ರ ಕಳಿಸಿ, ನೋವಿನ ಮಾತ್ರೆಯ ಹೆಸರು ಬರೆದು, “ಎದುರಿಗೆ ನೋಡಿದರೆ ಮಾತ್ರ ಹೇಳಬಹುದು” ಅಂದರು. ಸರಿ, ಅವರ ಮನೆ ಬಾಗಿಲಿಗೇ ಹೊರಟೆವು. ದಾರಿಯಲ್ಲಿ ಅಡ್ಡಗಟ್ಟೆ. ಅಲ್ಲಿದ್ದ ಪೇದೆ ಕೇಳಿದರು.

“ಎಲ್ಲಿಗ ಸಾ?”

“ಹಲ್ಲು ನೋವು.”

“ಹಲ್ಲು ಲಿಸ್ಟಲ್ಲಿಲ್ಲ ಸಾ. ಎದೆ ನೋವು ಅನ್ನಿ, ಬುಟ್ಬುಡ್ತೀನಿ.”

ನಾನು ಸತ್ಯವಂತ ನೋಡಿ. “ನೋಯ್ತಿರೋದು ಹಲ್ಲು ಕಣ್ರಿ” ಅಂತ ವಾದಕ್ಕೆ ನಿಂತೆ. ವಾಪಸ್ ಕಳಿಸಿದರು. ವಾಪಸ್ ಬರುತ್ತಾ ಮಂಗಳ ಏನನ್ನೂ ಕೇಳದೆ ಸ್ಕೂಟರನ್ನು ಅಗರದ ಕಡೆಯ ಗದ್ದೆ ರಸ್ತೆಗೆ ತಿರುಗಿಸಿದಳು.

ಆಮೇಲೆ ನಡೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಿತ್ತಾಳೆ ತಟ್ಟೆ, ಹೊಗೆ, ನೀರಿನಲ್ಲಿ ತೇಲುವ ಬೆಳ್ಳನೆಯ ಎಳೆಗಳು. ಒಂದಂತೂ ಕೊಂಚ ಮಿಸುಕಿದ ಹಾಗೂ ಇತ್ತು. ನೋವು ಅವತ್ತೇ ನಿಂತುಹೋಯಿತು. ಅಲ್ಲಿಂದೀಚೆಗೆ ಮದುವೆ ಮನೆ, ಬೀಗರೂಟ, ಎಲ್ಲಿ ನಾಲ್ಕು ಜನ ಸೇರಿದರೂ ಈ ಕಥೆ ಹೇಳಿ ನಗಿಸಿದ್ದೇನೆ. ಕೊನೆಯಲ್ಲಿ, “ಅದು ಹುಳ ಅಲ್ಲ, ಬೀಜದ ಮೊಳಕೆ” ಅಂತ ಸೇರಿಸುವುದನ್ನು ಒಮ್ಮೆಯೂ ಮರೆತಿಲ್ಲ.

ಕೇಳಿದವರು ಕಥೆಯನ್ನು ಮನೆಗೆ ತೆಗೆದುಕೊಂಡು ಹೋದರು. ಮೊಳಕೆಯನ್ನು ಎಲೆಯ ತುದಿಯಲ್ಲೇ ಬಿಟ್ಟು ಎದ್ದರು.

“ಲೇ ಶಿವಮಲ್ಲು, ಅದು ಹುಳ ಅಲ್ಲ ಅಂತ ಎಷ್ಟು ಸಲ ಹೇಳಿಲ್ಲ ನಾನು?” ಅಂದೆ, ಬಾಗಿಲಲ್ಲಿ ನಿಂತಿದ್ದ ಟವೆಲ್ಲಿಗೆ.

“ಯೋಳಿದ್ರಿ. ನೋವು ನಿಂತ್ತಾ ಇಲ್ವಾ?”

“ನಿಂತಿತು.”

“ಅಂಗಾದ್ರ ಮತ್ತ? ನಮ್ಮೂರಲ್ಲಿ ಯಾರನ್ನಾರ ಕೇಳಿ. ಎಂಎಸ್ಸಿ ಓದಿರ ನಮ್ ಭಾವನೇ ಕಣ್ಣಾರ ನೋಡವ್ರ ಅಂದ್ರ ಎದುರಾಡರು ಒಬ್ರಿಲ್ಲ.”

ಮೈಸೂರಿನಲ್ಲಿ ಕಷ್ಟಪಟ್ಟು ಓದಿ ಸಂಪಾದಿಸಿದ ಡಿಗ್ರಿ ಅಜ್ಜೀಪುರದಲ್ಲಿ ಯಾವ ಕೆಲಸಕ್ಕೆ ಬಂತು ನೋಡಿ!

“ಡಾಕ್ಟರ ಹತ್ತಿರ ಹೋಗೋಣ ನಡಿ” ಅಂದೆ. ಅವನು ಗೋಡೆಗೆ ಅಂಟಿಕೊಂಡ. ಎರಡನೆಯ ಅಲೆ ಇಳಿದ ಮೇಲೆ ಒಂದು ಸಲ ಹೋಗಿದ್ದನಂತೆ. ಬಾಗಿಲಲ್ಲೇ ಹಣೆಗೆ ಗನ್ ಹಿಡಿದರಂತೆ. ಕೈಗೆ, ಚಪ್ಪಲಿಗೆ ಏನೋ ಸಿಂಪಡಿಸಿದರಂತೆ. ಒಳಗಿದ್ದ ಡಾಕ್ಟರು ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಹೊದ್ದಿದ್ದರಂತೆ.

“ನಾವು ಬೆಳೆಗ ಔಸ್ತಿ ಒಡಿಯುವಾಗ್ಲೂ ಅಷ್ಟ್ ಒದ್ಕಳಲ್ಲ ಭಾವ. ನನ್ ಬಾಯ್ ನೋಡಕ ಅಷ್ಟ್ ಎದುರ್ಕಂಡವ್ರ ಅಂದ್ರ, ನನ್ ಬಾಯಲ್ಲಿ ಇನ್ಯಾನ ಇದ್ದದು?” ಅಂದ. ಅವತ್ತು ಎದ್ದು ಬಂದವನು ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಮಂಗಳ ಕಾಫಿ ಹಿಡಿದು ಬಂದಳು. ತಮ್ಮನ ಮುಖ ನೋಡಿ ಲೋಟವನ್ನು ಅಲ್ಲೇ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ರೀ, ನೀವು ಹುಳ ನೋಡಿದ್ದು ಯಾವಾಗ?”

“ಅವತ್ತೇ. ತಟ್ಟೇಲಿ.”

“ನಿಮ್ಮ ತಲೆ ಮೇಲೆ ಕಂಬಳಿ ಇತ್ತು. ತೆಗೆದ ಮೇಲೂ ಹೊಗೆಗೆ ಕಣ್ಣು ಬಿಡೋಕಾಗದೆ ಅಳ್ತಾ ಕೂತಿದ್ರಿ. ಅಷ್ಟೊತ್ತಿಗೆ ಅಜ್ಜಿ ನೀರು ಚೆಲ್ಲಿ ತಟ್ಟೆ ತೊಳೆದಿಟ್ಟಿತ್ತು.”

“ಹಾಗಾದರೆ ನೋಡಿದ್ದು ಯಾರು?”

“ನಾನು.”

“ಏನು ನೋಡಿದೆ?”

ಮಂಗಳ ತಡವರಿಸಿದಳು. “ಏನೋ ಬೆಳ್ಳಗಿತ್ತು. ಮಾಸ್ಕ್ ಹಾಕಿದ್ನಲ್ಲ, ಕನ್ನಡಕ ಎಲ್ಲಾ ಮಂಜು. ಹುಳ ಅಂತ ಹೇಳಿದ್ದು ನೀವೇ ಅಲ್ವಾ?”

ತಿಳಿಯಿತಲ್ಲ? ಒಬ್ಬ ಸಾಕ್ಷಿ ಕಂಬಳಿಯೊಳಗೆ. ಇನ್ನೊಬ್ಬ ಸಾಕ್ಷಿ ಮಂಜು ಹಿಡಿದ ಕನ್ನಡಕದ ಹಿಂದೆ. ಅವಳು ಹೇಳಿದಳು ಅಂತ ನಾನು, ನಾನು ಹೇಳಿದೆ ಅಂತ ಅವಳು. ಹಾಗಾದರೆ ಆ ಹಿತ್ತಾಳೆ ತಟ್ಟೆ ನನ್ನ ತಲೆಯೊಳಗೆ ಎಲ್ಲಿಂದ ಬಂತು? ಆ ಹುಳ ಮಿಸುಕಿದ್ದು? (ತಟ್ಟೆ ಸ್ಟೀಲಿನದಂತೆ. ಅದನ್ನೂ ಅವಳೇ ಹೇಳಿದಳು.) ಜಗತ್ತಿನಲ್ಲಿ ಎಲ್ಲವನ್ನೂ ಅನುಮಾನಿಸುವ ನಾನು ನನ್ನ ಕಣ್ಣನ್ನು ಮಾತ್ರ ಯಾಕೆ ನಂಬಿಕೊಂಡು ಬಂದೆ?

ಯೋಚಿಸುತ್ತಾ ಕೂರಲು ಪುರುಸೊತ್ತಿರಲಿಲ್ಲ. ಶಿವಮಲ್ಲುವಿನ ಊತ ದವಡೆಯಿಂದ ಕೆಳಗೆ, ಕುತ್ತಿಗೆಯ ಕಡೆಗೆ ಇಳಿಯುತ್ತಿತ್ತು. ಕಾಫಿ ನುಂಗಲೂ ಒದ್ದಾಡುತ್ತಿದ್ದ. ನಾನು ಬಾಜಿ ಕಟ್ಟಿದೆ.

“ನೋಡು, ಮೊದಲು ನನ್ನ ಬಾಯಿ ತೋರಿಸ್ತೀನಿ. ಅಜ್ಜಿ ಹುಳ ತೆಗೆದ ಹಲ್ಲು ಚೆನ್ನಾಗಿದೆ ಅಂತ ಡಾಕ್ಟರು ಅಂದರೆ, ಅಲ್ಲಿಂದ ಸೀದಾ ಅಗರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ಕೆಟ್ಟಿದೆ ಅಂದರೆ ನೀನು ಬಾಯಿ ತೆಗೀಬೇಕು.”

“ಆಣೆ?”

“ಮಾದಪ್ಪನಾಣೆ.”

(ದೇವರನ್ನು ನಂಬದವನ ಆಣೆ. ಆದರೆ ಕೇಳುವವನು ನಂಬುತ್ತಾನಲ್ಲ.)

ಮೂವರೂ ಕಾರಿನಲ್ಲಿ ಕೊಳ್ಳೇಗಾಲಕ್ಕೆ ಹೋದೆವು. ಕ್ಲಿನಿಕ್ಕಿನಲ್ಲಿ ಇದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಸಾದಾ ಮಾಸ್ಕ್, ಸಾದಾ ಕೋಟು. ಅದನ್ನು ಕಂಡೇ ಶಿವಮಲ್ಲು ಅರ್ಧ ಧೈರ್ಯ ತಂದುಕೊಂಡ. ಶಿವಮಲ್ಲುವಿನ ಕೆನ್ನೆ ನೋಡಿ ಅವರು, “ಮೊದಲು ಇವರು ಕೂರಲಿ” ಅಂದರು. ಅವನು ಬಾಗಿಲ ಕಡೆ ಹೆಜ್ಜೆ ಹಾಕಿದ. ನಾನು ಒಂದೇ ಉಸಿರಿಗೆ ಬಾಜಿಯ ವಿಷಯ ಹೇಳಿ ಕುರ್ಚಿಗೆ ಹಾರಿದೆ. ಡಾಕ್ಟರಮ್ಮ ನಗಲಿಲ್ಲ, ತಡವನ್ನೂ ಮಾಡಲಿಲ್ಲ.

“ಯಾವ ಹಲ್ಲು?”

“ಬಲಗಡೆ, ಕೆಳಗೆ.”

“ಎಡಗಡೆ” ಅಂದಳು ಹಿಂದಿನಿಂದ ಮಂಗಳ.

ಡಾಕ್ಟರಮ್ಮ ಬಲಗಡೆ ತಟ್ಟಿದರು. ಏನೂ ಇಲ್ಲ. ಎಡಗಡೆ ನೋಡಿದರು. ಒಂದು ಹಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದರು. ಬೇರಿನ ತುದಿಯಲ್ಲಿ ದುಂಡಗೆ ಕಪ್ಪನೆಯ ನೆರಳು.

“ಈ ಹಲ್ಲು ಸತ್ತಿದೆ ಸರ್. ಒಳಗಿನ ನರ ಸತ್ತಾಗ ನೋವು ನಿಲ್ಲುತ್ತೆ. ನೀವು ವಾಸಿಯಾಯ್ತು ಅಂದುಕೊಂಡಿದ್ದೀರಿ. ಸೋಂಕು ಒಳಗೇ ಕೂತು ಮೂಳೆ ತಿಂತಾ ಇದೆ.”

“ಆದರೆ ಹೊಗೆ ಹಾಕಿಸಿದ ದಿನವೇ ನೋವು...”

“ಅದೇ ದಿನ ಎಲ್ಲಿ?” ಮಂಗಳ ಮತ್ತೆ ಬಂದಳು. “ಅದಾದ ಮೇಲೂ ವಾರಗಟ್ಟಲೆ ಮಾತ್ರೆ ನುಂಗಿ ನರಳ್ತಾ ಮಲಗಿದ್ರಲ್ಲ.”

ಅಷ್ಟರಲ್ಲಿ ಡಾಕ್ಟರಮ್ಮ ಮತ್ತೆ ನನ್ನ ಬಾಯಿ ತೆರೆಸಿ ಕನ್ನಡಿ ತೂರಿಸಿದರು. ಒಳ್ಳೆಯದೇ ಆಯಿತು.

ಇಷ್ಟು ವರ್ಷ ನಾನು ಊರೂರಿಗೆ ಹೇಳಿಕೊಂಡು ಬಂದದ್ದು ವಾಸಿಯಾದ ಹಲ್ಲಿನ ಕಥೆಯಲ್ಲ. ಸತ್ತ ಹಲ್ಲಿನದು. ಗದ್ದಲ ನಿಂತರೆ ರೋಗ ಹೋಯಿತು ಅಂದುಕೊಳ್ಳುವುದು ಹಲ್ಲಿನ ವಿಷಯದಲ್ಲಿ ಮಾತ್ರವೇ? ಟಿವಿಯಲ್ಲಿ ಸುದ್ದಿ ನಿಂತ ದಿನ ಕೊರೊನಾ ಮುಗಿಯಿತು. ಕೈ ತೊಳೆಯುವುದೂ ಅವತ್ತೇ ಮುಗಿಯಿತು.

ಶಿವಮಲ್ಲು ಪರದೆಯನ್ನೇ ನೋಡುತ್ತಿದ್ದ. ಆಮೇಲೆ ತಾನೇ ಟವೆಲ್ ಬಿಚ್ಚಿ ಕುರ್ಚಿಯ ಮೇಲೆ ಕೂತ.

ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಡಾಕ್ಟರಮ್ಮನ ಮುಖ ಗಂಭೀರವಾಯಿತು. “ಇನ್ನೂ ತಡ ಮಾಡಿದ್ದರೆ ಉಸಿರಾಟಕ್ಕೇ ತೊಂದರೆ ಆಗ್ತಿತ್ತು. ಆಗ ನನ್ನ ಕೈಲೂ ಆಗ್ತಿರಲಿಲ್ಲ. ಈಗಲೂ ಊತ ಇಳೀದಿದ್ರೆ ದೊಡ್ಡಾಸ್ಪತ್ರೆಗೇ ಕಳಿಸ್ತೀನಿ” ಅಂದರು. ಇಂಜೆಕ್ಷನ್ ಕೊಟ್ಟು, ಕೊಯ್ದು, ಕೀವು ತೆಗೆದರು. ದಿನಾ ಬಂದು ತೋರಿಸಬೇಕು ಅಂದರು. ಮಂಗಳ ತಮ್ಮನ ಕಾಲು ಹಿಡಿದುಕೊಂಡು ನಿಂತಿದ್ದಳು. ಅಗರದ ಅಜ್ಜಿಯ ಹತ್ತಿರ ಹೋಗಿದ್ದರೆ? ಹೊಗೆ ಕುಡಿದು, ತಟ್ಟೆ ನೋಡಿ, ಸಮಾಧಾನವಾಗಿ ಮನೆಗೆ ಹೋಗಿ ಮಲಗುತ್ತಿದ್ದ. ಅಜ್ಜಿಯನ್ನು ಯಾರೂ ಬೈಯುತ್ತಿರಲಿಲ್ಲ. ನನ್ನನ್ನೂ ಯಾರೂ ಕೇಳುತ್ತಿರಲಿಲ್ಲ.

ನಮ್ಮ ಮನೆಯಲ್ಲೇ ಉಳಿದು ದಿನಾ ಕ್ಲಿನಿಕ್ಕಿಗೆ ಹೋಗಿಬಂದ. ಊತ ಇಳಿಯಿತು. ಆಮೇಲೆ ಆ ಹಲ್ಲನ್ನೂ ಕಿತ್ತರು. ಮೊನ್ನೆ ಅಜ್ಜೀಪುರಕ್ಕೆ ಹೊರಟ. ಹೋಗುವಾಗ ಮಂಗಳ ಹೊಸ ಬ್ರಷ್ ಕೊಟ್ಟಳು. ಜೇಬಿಗೆ ಪೆನ್ನಿನಂತೆ ಸಿಕ್ಕಿಸಿಕೊಂಡು ಹೋದ. ನಾನು ಒಬ್ಬನನ್ನಾದರೂ ಹುಳದಿಂದ ಬಿಡಿಸಿದೆ ಅಂತ ಹಿಗ್ಗಿದೆ.

ನಿನ್ನೆ ಲೊಕ್ಕನಹಳ್ಳಿಯಿಂದ ಫೋನು ಬಂತು. ಪರಿಚಯವಿಲ್ಲದ ದನಿ.

“ಸಾ, ಶಿವಮಲ್ಲು ನಂಬರ್ ಕೊಟ್ಟ. ನಿಮ್ ಹಲ್ಲಿನ ಬೇರಲ್ಲಿ ಕರೀ ಉಳ ದುಂಡ್ಗ ಸುತ್ಕಂಡು ಕುಂತಿತ್ತಂತಲ್ಲ, ಡಾಕ್ಟ್ರಮ್ಮ ಟಿವೀಲಿ ತೋರುಸ್ದ್ರಂತಲ್ಲ? ಅಜ್ಜಿ ಬರೀ ಮರಿ ತಗುದಿತ್ತಂತ, ತಾಯಿ ಉಳ ಒಳಗೇ ಇತ್ತಂತ.”

ನಾನು ಬಾಯಿ ತೆರೆಯುವಷ್ಟರಲ್ಲಿ ಆತ ಮುಂದುವರಿಸಿದ.

“ನಮ್ ಮಗ್ಳಿಗ ಹಲ್ಲು ನೋವು ಸಾ. ಕೆನ್ನ ಊದ್ಕತಾ ಅದ. ನೀವು ಓದಿರರು, ನಿಜ ಯೋಳ್ಬುಡಿ. ಉಳ ಇತ್ತಾ ಇಲ್ವಾ? ಇತ್ತು ಅಂದ್ರ ನಾಳೀಕೇ ಕೊಳ್ಳೇಗಾಲಕ್ಕ ಕರ್ಕಂಡೋಯ್ತೀನಿ. ಇಲ್ಲ ಅಂದ್ರ ಲವಂಗ ಇಟ್ಟು ಸುಮ್ಕಾಗ್ಬುಡ್ತೀನಿ.”

ಅವತ್ತು ಅಡ್ಡಗಟ್ಟೆಯಲ್ಲಿ ನಿಂತಿದ್ದ ಪೇದೆ ನೆನಪಾದರು. ಎದೆ ನೋವು ಅನ್ನಿ, ಬುಟ್ಬುಡ್ತೀನಿ.

ಆ ಹುಡುಗಿಯನ್ನು ಇವತ್ತು ಬೆಳಿಗ್ಗೆಯೇ ಡಾಕ್ಟರಮ್ಮನ ಹತ್ತಿರ ಕರೆತಂದಿದ್ದರಂತೆ. ಫೋನಿನಲ್ಲಿ ನಾನು ಏನು ಹೇಳಿದೆ ಅಂತ ಮಾತ್ರ ಕೇಳಬೇಡಿ, ನನ್ನ ನೆನಪಿನ ಯೋಗ್ಯತೆ ನಿಮಗೀಗ ಗೊತ್ತೇ ಇದೆಯಲ್ಲ?