ಅತ್ತೆಯವರು ಕುಳಿತು ನೋಡಿದ ಸೀಟು

ಹೊಸ ಗಾಡಿಯ ಮಾತನ್ನು ಮನೆಯಲ್ಲಿ ಎತ್ತಿದವಳು ನಾನೇ. ಎರಡು ಸಾವಿರದ ದಶಕ ಅರ್ಧ ಕಳೆದಿತ್ತು, ಊರಿಗೆ ಇನ್ನೂ ಗುಲ್ಬರ್ಗಾ ಎಂದೇ ಹೆಸರು. ಗಾಜಿಪುರದ ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದ ಬಿಳಿ ವ್ಯಾನಿಗೆ ಹದಿನೆಂಟು ವರ್ಷ ತುಂಬಿತ್ತು. ಅದರ ಬಾಗಿಲು ಸರಿಸಿದರೆ ಇಡೀ ಗಲ್ಲಿಗೆ ಕೇಳುತ್ತಿತ್ತು. ಆದರೆ ನನ್ನ ಒತ್ತಾಯಕ್ಕೆ ಕಾರಣ ಬೇರೆ. ನಮ್ಮ ಅತ್ತೆಯವರು ಆ ವ್ಯಾನ್ ಹತ್ತುತ್ತಿರಲಿಲ್ಲ.

ಕಮಲಾಪುರದ ಮನೆಯಿಂದ ನಮ್ಮಲ್ಲಿಗೆ ಬರುವಾಗ, ಮಗನ ವ್ಯಾನು ಹೊಸ್ತಿಲ ಮುಂದೆಯೇ ನಿಂತಿದ್ದರೂ, ಅವರು ಚೀಲ ಹಿಡಿದು ಕೆಂಪು ಬಸ್ಸಿಗೆ ಹೋಗಿ ನಿಲ್ಲುವರು. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ವ್ಯಾನ್ ಕೊಂಡ ಮರುವರ್ಷ ಮಾವನವರು ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಜೀವ ಹೋದದ್ದು ನಸುಕಿನಲ್ಲಿ, ಕಾಗದಪತ್ರ ಮುಗಿದದ್ದು ಮಧ್ಯಾಹ್ನ. ಹಿಂದಿನ ಸೀಟು ಬಿಚ್ಚಿ, ಜಮಖಾನೆ ಹಾಸಿ, ಉದ್ದಕ್ಕೆ ಮಲಗಿಸಿ ತಂದರು. ಎಷ್ಟು ಪ್ರಾಕ್ಟಿಕಲ್ ಗಾಡಿ ಎಂದು ಆಗ ನಾನೇ ಅಂದುಕೊಂಡಿದ್ದೆ. ಕಮಲಾಪುರ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು, ಕಾಲುಗಳು ಸೆಟೆದಿದ್ದವು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕಾಲು ಮಡಿಚಿ, ಪೂಜೆಗೆ ಕುಳಿತವರ ಹಾಗೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕುಳಿತಂತೆಯೇ ಒಯ್ಯುತ್ತೇವೆ. ಮಾವನವರು ಕೂರಲಿಲ್ಲ. ಬಿಸಿನೀರು ಹಾಕಿದರು, ತಿಕ್ಕಿದರು. ಕೊನೆಗೆ ನಾಲ್ಕು ಮಂದಿ ಗಂಡಸರು ಬಾಗಿಲು ಮುಚ್ಚಿಕೊಂಡು ಮೊಣಕಾಲು ಒತ್ತಿದರು. ಅಡುಗೆಮನೆಯಲ್ಲಿ ಅತ್ತೆಯವರ ಪಕ್ಕದಲ್ಲಿ ನಾನಿದ್ದೆ. ಆ ಸದ್ದು ಎರಡು ಸಲ ಬಂತು. ಅತ್ತೆಯವರು ಅಳುವುದನ್ನು ನಿಲ್ಲಿಸಿದರು. ಮಣ್ಣು ಮುಗಿಯುವ ತನಕ ಮತ್ತೆ ಅಳಲಿಲ್ಲ.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್‌ಗಳು ಸಾವಿಗೆ ‘ಸ್ಲೀಪ್’ ಅನ್ನುತ್ತಿದ್ದರು. ಸತ್ತವರು ಮಲಗಿರುತ್ತಾರೆ ಎಂದೇ ನನ್ನ ತಲೆಯಲ್ಲಿತ್ತು. ಕೂರುವುದು ಎಷ್ಟು ಮುಖ್ಯವೆಂದು ನನಗೆ ತಿಳಿದದ್ದು ಆ ಬಾಗಿಲಿನ ಈಚೆ ಕುಳಿತಾಗ.

ಮಂಡಿನೋವು ಹೆಚ್ಚಾಗಿ, ಬಸ್ಸು ಹತ್ತುವುದು ಕಷ್ಟವಾಗುತ್ತ ಬಂದಾಗ ಅತ್ತೆಯವರು ಗಾಜಿಪುರದಲ್ಲಿ ನಮ್ಮ ಜೊತೆಗೇ ಇರಲು ಬಂದರು. ಬಂದ ತಿಂಗಳಿಗೇ ಕಮಲಾಪುರಕ್ಕೆ ಹೋಗಬೇಕೆಂದು ಹಟ ಶುರುವಾಯಿತು. ಬಸ್ಸು ಆಗದು, ವ್ಯಾನು ಬೇಡ. ಹೀಗೆ ಒಂದು ದಿನ ನಾವು ಮೂವರೂ ರಿಂಗ್ ರೋಡಿನ ಷೋರೂಮಿಗೆ ಆಟೋದಲ್ಲಿ ಹೋದೆವು.

ಅಲ್ಲಿನ ಸೇಲ್ಸ್‌ಮನ್ ಮಾತಿನಲ್ಲಿ ಜಾಣ. ಇದು ವ್ಯಾನೂ ಅಲ್ಲ, ಜೀಪೂ ಅಲ್ಲ, ಕ್ರಾಸ್‌ಓವರ್ ಅಂತಾರೆ, ವ್ಯಾನಿನಷ್ಟು ಜಾಗ, ಕಾರಿನಷ್ಟು ಸುಖ, ಏಳು ಮಂದಿ ಆರಾಮಾಗಿ ಕೂಡಬಹುದು ಎಂದು ನನಗೆ ಬ್ರೋಷರ್ ಕೊಟ್ಟ. ನಮ್ಮ ಮನೆಯವರು ಎಂಜಿನ್ ಬಗ್ಗೆ ಕೇಳುತ್ತಿದ್ದರು. ಅತ್ತೆಯವರು ನನ್ನ ಕೈಯ ಬ್ರೋಷರಿನತ್ತ ನೋಡಿ, “ಏನವಾ ಇಂಗ್ಲೀಷ್ ಸೊಸಿ, ನಡುವಿನ ಸೀಟು ಎಷ್ಟು ಅಗಲ ಅದ ಅಂತ ನಿನ್ನ ಬುಕ್ಕಿನ್ಯಾಗ ಬರದಾರೇನು?” ಎಂದರು.

ಬರೆದಿರಲಿಲ್ಲ. ಅವರು ಸ್ಟೂಲ್ ತರಿಸಿ, ಅದರ ಮೇಲೆ ಕಾಲಿಟ್ಟು, ನನ್ನ ಭುಜ ಹಿಡಿದು ಹತ್ತಿದರು. ಚಪ್ಪಲಿ ಕೆಳಗೇ ಬಿಟ್ಟರು. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಸದ್ದು ಮಾಡುತ್ತ ಮೊದಲು ಬಲಗಾಲು, ಆಮೇಲೆ ಕೈಯಿಂದ ಎತ್ತಿ ಎಡಗಾಲು ಮಡಿಚಿಕೊಂಡರು. ಬೆನ್ನು ಸೀಟಿಗೆ ಆನಿಸಿ, ಅಂಗೈಗಳನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಸೇಲ್ಸ್‌ಮನ್ ನಕ್ಕ, “ಅಜ್ಜಿಗೆ ಸೋಫಾ ಸಿಕ್ಕಂಗಾತ್ರೀ” ಎಂದ. ನಮ್ಮ ಮನೆಯವರೂ ನಕ್ಕರು. ನನಗೆ ನಗು ಬರಲಿಲ್ಲ. ಅವರ ಕುತ್ತಿಗೆ ಒಂದು ಕಡೆಗೆ ವಾಲಿತು, ತುಟಿ ಸಡಿಲಾಯಿತು. ಬೇಕೆಂದೇ ಹಾಗೆ ಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ತಲೆ ಎಲ್ಲಿ ನಿಲ್ಲುತ್ತದೆ ಎಂದು ಅವರು ನೋಡುತ್ತಿದ್ದರು.

ಕಣ್ಣು ತೆರೆದು, “ಇದು ನಡೀತದ,” ಎಂದರು.

ಗಾಡಿ ಬಂತು. ಶರಣಬಸವೇಶ್ವರ ಗುಡಿಯ ಮುಂದೆ ಪೂಜೆ ಆಯಿತು. ಬಣ್ಣ ಬೂದು, ಅದಕ್ಕೆ ಷೋರೂಮಿನವರು ಏನೋ ಚಂದದ ಇಂಗ್ಲಿಷ್ ಹೆಸರು ಇಟ್ಟಿದ್ದರು. ಕಮಲಾಪುರದ ಮೊದಲ ಪ್ರಯಾಣದಲ್ಲಿ ನಾನೂ ಅತ್ತೆಯವರೂ ನಡುವಿನ ಸೀಟಿನಲ್ಲಿದ್ದೆವು. ನಮ್ಮ ಮನೆಯವರು ಮುಂದೆ, ಸ್ಟೀರಿಂಗ್ ಹಿಡಿದು, ಹೊಸ ಗಾಡಿಯ ಗುಂಗಿನಲ್ಲಿದ್ದರು. ಅತ್ತೆಯವರು ನನ್ನ ಕಿವಿಯ ಹತ್ತಿರ ಬಾಗಿದರು.

“ನನ್ನ ಇದರಾಗಽ ಊರಿಗೆ ಒಯ್ಯಬೇಕು. ಮೈ ಬಿಸಿ ಇರೂದ್ರಾಗ ಕಾಲು ಮಡಚಬೇಕು. ನನ್ನ ಮಗಗ ಎದಿ ಇಲ್ಲ, ಅಂವ ಅಳಕೋತ ಕೂಡ್ತಾನ. ನೀ ಮಾಡ್ತೀಯೋ ಇಲ್ಲೋ, ಹೇಳು.”

ಮಾಡುತ್ತೇನೆ ಎಂದೆ. ಬೇರೆ ಏನು ಹೇಳಲಿ?

ಆಮೇಲೆ ಎರಡು ವರ್ಷ ತಿಂಗಳಿಗೊಮ್ಮೆ ಆ ದಾರಿ. ಇತರರಿಗೆ ಅದು ಫ್ಯಾಮಿಲಿ ಔಟಿಂಗ್. ಕೆಂಪು ಬಾಳೆಹಣ್ಣು, ಮಂಡಕ್ಕಿ, ತಂಪು ಎ.ಸಿ. ನನಗೆ ಹಾಗಿರಲಿಲ್ಲ. ಅತ್ತೆಯವರು ಪ್ರತಿ ಸಲ ಕಾಲು ಮಡಿಚಿ ಕೂರುವರು, ಶಾಲು ಹೊದ್ದು ಕಣ್ಣು ಮುಚ್ಚುವರು. ಊರು ದಾಟಿ ತೊಗರಿ ಹೊಲಗಳು ಶುರುವಾದವೆಂದರೆ ನಾನು ಕಿಟಕಿಯ ಹೊರಗೆ ನೋಡುವುದನ್ನು ಬಿಟ್ಟು ಅವರ ಎದೆಯ ಮೇಲಿನ ಸೆರಗನ್ನೇ ನೋಡುತ್ತಿದ್ದೆ. ಅದು ಏರುತ್ತಿದೆಯೇ? ಇಳಿಯುತ್ತಿದೆಯೇ? ಒಮ್ಮೊಮ್ಮೆ ಅವರು ಒಂದೇ ಕಣ್ಣು ತೆರೆದು ನನ್ನನ್ನು ಹಿಡಿದುಬಿಡುವರು. “ಇವತ್ತಲ್ಲ ಬಿಡವಾ,” ಎಂದು ನಗುವರು. ಅವರ ಆ ಕುಹಕ ಈಗ ಎಷ್ಟು ನೆನಪಾಗುತ್ತದೆ! ಆಗ ಮಾತ್ರ ನಾನು ಥಟ್ಟನೆ ಕಿಟಕಿಯತ್ತ ತಿರುಗುತ್ತಿದ್ದೆ.

ಎರಡನೆಯ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಎಂಟು ದಿನ ಆಸ್ಪತ್ರೆ. ಡಾಕ್ಟರು ನಮ್ಮನ್ನು ಹೊರಗೆ ಕರೆದು, ಇನ್ನು ಇಲ್ಲಿಟ್ಟುಕೊಂಡು ಉಪಯೋಗವಿಲ್ಲ, ಎರಡು ದಿನವೋ ಎರಡು ವಾರವೋ ಹೇಳಲಾಗದು, ಮನೆಗೆ ಒಯ್ಯಿರಿ ಎಂದರು. ಅತ್ತೆಯವರು ಗಾಜಿಪುರದ ಮನೆ ಬೇಡವೆಂದರು. ಆಸ್ಪತ್ರೆಯ ಗೇಟಿನಿಂದ ಸೀದಾ ಕಮಲಾಪುರದ ದಾರಿ ಹಿಡಿದೆವು. ಬಿರುಬಿಸಿಲಿನ ಮಧ್ಯಾಹ್ನ. ವಾರ್ಡ್‌ಬಾಯ್‌ಗಳು ಅವರನ್ನು ಎತ್ತಿ ನಡುವಿನ ಸೀಟಿನಲ್ಲಿ ಕೂರಿಸಿದ್ದರು, ಬೆಲ್ಟ್ ಹಾಕಿದ್ದರು. ಅಂದು ಕಾಲು ಮಡಿಚಲು ಅವರಿಗೆ ಶಕ್ತಿಯಿರಲಿಲ್ಲ. ಎರಡೂ ಕಾಲು ಕೆಳಗೆ ಜೋತಾಡುತ್ತಿದ್ದವು, ಹಿಮ್ಮಡಿ ನೆಲಕ್ಕೆ ಮುಟ್ಟುತ್ತಿರಲಿಲ್ಲ.

ಮಹಾಗಾಂವ ಕ್ರಾಸ್ ಹತ್ತಿರ ಬರುವಾಗ ಕುತ್ತಿಗೆ ವಾಲಿತು, ತುಟಿ ಸಡಿಲಾಯಿತು. ಸೆರಗು ನೋಡಿದೆ. ಅಲುಗಲಿಲ್ಲ. ಮೂಗಿನ ಕೆಳಗೆ ಬೆರಳಿಟ್ಟೆ. ಎ.ಸಿ.ಯ ಗಾಳಿ ನೇರ ನನ್ನ ಕೈಮೇಲೆ ಬೀಸುತ್ತಿತ್ತು, ಬೆರಳಿಗೆ ತಣ್ಣಗಾಗಿದ್ದು ಬಿಟ್ಟರೆ ಏನೂ ತಿಳಿಯಲಿಲ್ಲ. ಗಾಳಿ ನಿಲ್ಲಿಸಿರಿ ಎಂದು ಗಾಡಿ ನಡೆಸುತ್ತಿದ್ದ ನಮ್ಮ ಮನೆಯವರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಅವರು ತಿರುಗಿ ನೋಡುತ್ತಿದ್ದರು, ಗಾಡಿ ನಿಲ್ಲಿಸುತ್ತಿದ್ದರು, ಅಳುತ್ತಿದ್ದರು, ಹೊತ್ತು ಹೋಗುತ್ತಿತ್ತು. ನನ್ನ ತಲೆಯಲ್ಲಿ ಒಂದೇ ಇತ್ತು: ಮೈ ಬಿಸಿ ಇರುವಾಗ.

ಬೆಲ್ಟ್ ಬಿಚ್ಚಿದೆ. ಬಲಗಾಲು ಎತ್ತಿ ಮಡಿಚಿದೆ, ಸುಲಭವಾಗಿ ಬಂತು. ಎಡಗಾಲು ಬರಲಿಲ್ಲ. ಅದು ನೋವಿನ ಮಂಡಿ. ಎರಡೂ ಕೈಯಿಂದ ಹಿಡಿದು ಒತ್ತಿದೆ. ಗಟ್ಟಿಯಾಗಿ ಒತ್ತಿದೆ.

ಅವರ ಗಂಟಲಿನಿಂದ ಸಣ್ಣ ಸದ್ದು ಬಂತು, ಕಣ್ಣು ತೆರೆದವು.

“ಸಾವಕಾಶವಾ,” ಎಂದರು. “ಇನ್ನಾ ಅದೀನಿ.”

ನಾನು ಕೈ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲ. ಕಾಲು ಇಳಿಸಲೇನು ಅವ್ವಾ ಎಂದು ಕೇಳಿದೆ. ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಕರುಣೆಯೂ ಇರಲಿಲ್ಲ. ಬೇಡವೆಂದು ತಲೆ ಅಲ್ಲಾಡಿಸಿದರೋ, ಗಾಡಿ ಕುಲುಕಿ ತಲೆ ಅಲ್ಲಾಡಿತೋ, ಇಷ್ಟು ವರ್ಷವಾದರೂ ನಾನು ತೀರ್ಮಾನಿಸಲಾರೆ.

ಏನಂದಳು ಅವ್ವ ಎಂದು ನಮ್ಮ ಮನೆಯವರು ಮುಂದಿನಿಂದ ಕೇಳಿದರು. ಏನಿಲ್ಲ, ನಿದ್ದೆ ಮಾಡುತ್ತಿದ್ದಾರೆ ಎಂದೆ.

ಕೆಂಪು ಮಣ್ಣಿನ ಹೊಲಗಳು ಬರುವಾಗ ನನ್ನ ಕೈ ಅವರ ಮಂಡಿಯ ಮೇಲೇ ಇತ್ತು. ಎಲ್ಲೋ ಒಂದು ಕಡೆ, ಕೈಯ ಕೆಳಗೆ, ಏನೋ ನಿಂತಿತು. ಊರು ಮುಟ್ಟುವ ತನಕ ನಮ್ಮ ಮನೆಯವರಿಗೆ ಹೇಳಲಿಲ್ಲ.

ಕಮಲಾಪುರದಲ್ಲಿ ಓಣಿಯ ಜನ ಸೇರಿದರು. ಅತ್ತೆಯವರನ್ನು ಕುಳಿತಂತೆಯೇ ಇಳಿಸಿ, ಕುಳಿತಂತೆಯೇ ಒಳಗೊಯ್ದು ಗೋಡೆಗೆ ಆನಿಸಿದರು. ಯಾರೂ ಬಾಗಿಲು ಮುಚ್ಚಬೇಕಾಗಲಿಲ್ಲ. ಹೆಂಗಸರು ನನ್ನ ಕೈ ಹಿಡಿದು, ಪುಣ್ಯವಂತಿ, ಶರಣರ ಹಾಗೆ ತಾನೇ ಕುಂತು ಬಂದಳು ಎಂದರು. ವಿಭೂತಿ ಹಚ್ಚುತ್ತಿದ್ದ ಅಯ್ಯನವರು, ಜೀವ ಎಲ್ಲಿಗೆ ಬಂದಾಗ ಹೋಯಿತು ಎಂದು ವಿಚಾರಿಸಿದರು. ನಮ್ಮ ಮನೆಯವರು ಕೆಂಪಾದ ಕಣ್ಣೆತ್ತಿ ನನ್ನ ಕಡೆ ನೋಡಿದರು.

ಮಹಾಗಾಂವ ಕ್ರಾಸಿನಲ್ಲಿ ಎಂದೆ. ಅಯ್ಯನವರು ತಲೆದೂಗಿ ಕೆಲಸ ಮುಂದುವರಿಸಿದರು. ಕಾಲು ಮಡಿಚಿದ್ದು ಅದಕ್ಕೂ ಮೊದಲೋ ಆಮೇಲೋ ಎಂದು ಯಾರೂ ಕೇಳಲಿಲ್ಲ.